ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸರಕಾರಿ ಆಸ್ಪತ್ರೆಯಲ್ಲಿ ಕಾಯುವುದೇ ಬೇಡವೇ? ಫಾರ್ವರ್ಡ್ ಹೇಳುವುದೇನು, ನಿಜವೇನು

ನಿಮ್ಮ ಊರಿನ ವಾಟ್ಸ್ಆ್ಯಪ್ ಗ್ರೂಪಿಗೂ ಇಂಥದ್ದೊಂದು ಸಂದೇಶ ಬಂದಿರಬಹುದು: "ಇನ್ನು ಮುಂದೆ ಸರಕಾರಿ ಆಸ್ಪತ್ರೆಯಲ್ಲಿ ಕ್ಯೂ ನಿಲ್ಲುವ ಹಾಗಿಲ್ಲ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಆಭಾ ಕಾರ್ಡ್ ಇಲ್ಲದವರಿಗೆ ಚಿಕಿತ್ಸೆ ಸಿಗುವುದಿಲ್ಲ. ಕಾರ್ಡ್ ಮಾಡಿಸಿದವರಿಗೆ 5 ಲಕ್ಷ ರೂಪಾಯಿ ಉಚಿತ ಚಿಕಿತ್ಸೆ. ಎಲ್ಲರಿಗೂ ಶೇರ್ ಮಾಡಿ."

ಈ ನಾಲ್ಕು ಸಾಲಿನಲ್ಲಿ ಸ್ವಲ್ಪ ನಿಜವಿದೆ, ಹೆಚ್ಚು ತಪ್ಪಿದೆ. ಆ ತಪ್ಪಿನ ಬೆಲೆ ತೆರುವವರು ನಿಜವಾದ ಜನ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 3.6 ಲಕ್ಷ ಜನ, ಮೊಳಕಾಲ್ಮುರಿನಲ್ಲಿ ಸುಮಾರು 1.4 ಲಕ್ಷ ಜನ ಇದ್ದರು. ಶೇಂಗಾ ಬೆಳೆಯುವ ಒಣ ಭೂಮಿ, ಎಣ್ಣೆ ಮಿಲ್ಲು, ರೇಷ್ಮೆ ಸೀರೆಯ ಮಗ್ಗ, ಕುರಿ ಸಾಕಣೆ: ಇವೇ ಇಲ್ಲಿನ ಬದುಕು. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಆಸ್ಪತ್ರೆಗೆ ಬಂದವರಿಗೆ ಅರ್ಧ ದಿನ ಕಳೆದರೆ ಅರ್ಧ ದಿನದ ಕೂಲಿ ಹೋಯಿತು. ಮಧ್ಯಾಹ್ನದ ಬಸ್ಸು ತಪ್ಪಿದರೆ ಪೂರ್ತಿ ದಿನವೇ ಹೋಯಿತು. ಜೊತೆಗೆ ಬಂದ ಮಗನದೋ ಸೊಸೆಯದೋ ಕೂಲಿಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಹಾಗಾಗಿ ಡಿಜಿಟಲ್ ನೋಂದಣಿ ಯಾವ ಕಾಯುವಿಕೆಯನ್ನು ಕಡಿಮೆ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂದು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು, ಆಭಾ ಎಂದರೇನು?

ಆಭಾ ಎಂದರೆ ‘ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್’. ಇದು 14 ಅಂಕಿಗಳ ಒಂದು ಸಂಖ್ಯೆ. ಕೇಂದ್ರ ಸರಕಾರದ ‘ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್’ ಅಡಿಯಲ್ಲಿ ಕೊಡಲಾಗುತ್ತದೆ. ಈ ಮಿಷನ್ 2020ರ ಆಗಸ್ಟ್ 15ರಂದು ಬೇರೆ ಹೆಸರಿನಲ್ಲಿ ಘೋಷಣೆಯಾಗಿ, ಕೆಲವು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದು, 2021ರ ಸೆಪ್ಟೆಂಬರ್ 27ರಂದು ಇಡೀ ದೇಶಕ್ಕೆ ಬಂತು.

ಬ್ಯಾಂಕಿನಲ್ಲಿ ಖಾತೆ ಸಂಖ್ಯೆ ಇದ್ದ ಹಾಗೆ ಇದು ಆರೋಗ್ಯದ ದಾಖಲೆಗಳಿಗೆ ಒಂದು ಖಾತೆ ಸಂಖ್ಯೆ. ಖಾತೆ ತೆರೆದ ಮಾತ್ರಕ್ಕೆ ಅದರಲ್ಲಿ ಹಣ ಬಂದು ಬೀಳುವುದಿಲ್ಲ. ಆಭಾ ಕೂಡ ಹಾಗೆಯೇ: ಅದೊಂದು ಗುರುತು, ವಿಮೆಯಲ್ಲ.

ಈ ಗುರುತಿನ ಉಪಯೋಗ ಅರ್ಥವಾಗಬೇಕಾದರೆ ಚಳ್ಳಕೆರೆ ಸೀಮೆಯ ಹೆಸರುಗಳನ್ನು ನೆನಪಿಸಿಕೊಂಡರೆ ಸಾಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳು ಇಲ್ಲಿ ಊರೂರಿಗೂ ಇವೆ. ತಿಪ್ಪೇಸ್ವಾಮಿ, ತಿಪ್ಪಮ್ಮ, ಬೋರಯ್ಯ, ಓಬಮ್ಮ ಎಂಬ ಹೆಸರಿನವರು ಒಂದೇ ಬೀದಿಯಲ್ಲಿ ನಾಲ್ಕು ಜನ ಸಿಗುತ್ತಾರೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ‘ತಿಪ್ಪೇಸ್ವಾಮಿ’ ಎಂದು ಹುಡುಕಿದರೆ ಯಾವ ತಿಪ್ಪೇಸ್ವಾಮಿ? ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಅಕ್ಷರ ಜೋಡಿಸುತ್ತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ಅದೇ ಹೆಸರಿನ ಉಚ್ಚಾರವೇ ಬೇರೆ. ಕಳೆದ ಸಲದ ಚೀಟಿ ಕಳೆದುಹೋಗಿದ್ದರೆ ಹಳೆಯ ದಾಖಲೆ ಸಿಗುವುದಿಲ್ಲ, ಹೊಸದಾಗಿ ಎಲ್ಲವನ್ನೂ ಟೈಪ್ ಮಾಡಬೇಕು. ಹಿಂದಿನ ಬಿಪಿ, ಶುಗರ್ ಎಷ್ಟಿತ್ತು, ಯಾವ ಮಾತ್ರೆ ಕೊಟ್ಟಿದ್ದರು ಎಂಬುದನ್ನು ರೋಗಿಯೇ ನೆನಪಿನಿಂದ ಹೇಳಬೇಕು.

14 ಅಂಕಿಯ ಸಂಖ್ಯೆಗೆ ಈ ಗೊಂದಲ ಇಲ್ಲ. ಒಂದು ಸಂಖ್ಯೆ ಒಬ್ಬರಿಗೇ.

ಸ್ಕ್ಯಾನ್ ಮಾಡಿದಾಗ ನಿಜವಾಗಿ ಆಗುವುದೇನು?

ಆಸ್ಪತ್ರೆಯ ನೋಂದಣಿ ಕೌಂಟರ್ ಹತ್ತಿರ ಅಂಟಿಸಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುವ ಸೌಲಭ್ಯಕ್ಕೆ ‘ಸ್ಕ್ಯಾನ್ ಅಂಡ್ ಶೇರ್’ ಎಂದು ಹೆಸರು. 2022ರ ಅಕ್ಟೋಬರಿನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇದು ಶುರುವಾಯಿತು. ಕರ್ನಾಟಕ ಇದನ್ನು ಬೇಗ ಹಿಡಿದುಕೊಂಡ ರಾಜ್ಯಗಳಲ್ಲಿ ಒಂದು. 2023ರ ಆರಂಭದಲ್ಲಿ ಕೇಂದ್ರ ಕೊಟ್ಟ ಲೆಕ್ಕದಲ್ಲಿ ದೇಶದಾದ್ಯಂತ ಸುಮಾರು 5 ಲಕ್ಷ ಜನ ಈ ಸೌಲಭ್ಯ ಬಳಸಿದ್ದರು, ಅದರಲ್ಲಿ ಸುಮಾರು 2.5 ಲಕ್ಷ ಜನ ಕರ್ನಾಟಕದವರು.

ಕ್ರಮ ಹೀಗಿದೆ:

1. ಫೋನಿನಲ್ಲಿ ಆಭಾ ಆ್ಯಪ್ ತೆರೆದು, ಆಸ್ಪತ್ರೆಯ ಗೋಡೆಯ ಮೇಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಿ.
2. ನಿಮ್ಮ ಹೆಸರು, ವಯಸ್ಸು, ಲಿಂಗ, ವಿಳಾಸ, ಮೊಬೈಲ್ ಸಂಖ್ಯೆ, ಆಭಾ ಸಂಖ್ಯೆಗಳನ್ನು ಆಸ್ಪತ್ರೆಗೆ ಕೊಡಬಹುದೇ ಎಂದು ಆ್ಯಪ್ ಕೇಳುತ್ತದೆ. ಒಪ್ಪಿದರೆ ಆ ವಿವರ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗುತ್ತದೆ.
3. ನಿಮ್ಮ ಫೋನಿನಲ್ಲಿ ಒಂದು ಟೋಕನ್ ಸಂಖ್ಯೆ ಬರುತ್ತದೆ.
4. ಆ ಸಂಖ್ಯೆಯನ್ನು ಕೌಂಟರಿನಲ್ಲಿ ಹೇಳಿದರೆ, ಸಿಬ್ಬಂದಿ ಏನನ್ನೂ ಟೈಪ್ ಮಾಡದೆ, ಯಾವ ವಿಭಾಗ ಎಂದು ಕೇಳಿ, ಓಪಿಡಿ ಚೀಟಿ ಮುದ್ರಿಸಿ ಕೊಡುತ್ತಾರೆ.

ಮೂರನೆಯ ಹಂತದಲ್ಲೇ ಬಹಳ ಜನ ಮೋಸ ಹೋಗುವುದು. ಫೋನಿಗೆ ಬಂದ ಟೋಕನ್ ಡಾಕ್ಟರ ಕೋಣೆಯ ಸರದಿ ಸಂಖ್ಯೆ ಅಲ್ಲ. ಅದು ನೋಂದಣಿ ಕೌಂಟರಿನ ಟೋಕನ್. "ನನ್ನದು 12ನೇ ಟೋಕನ್, ನನ್ನನ್ನು ಮೊದಲು ಒಳಗೆ ಬಿಡಿ" ಎಂದು ಡಾಕ್ಟರ ಬಾಗಿಲಲ್ಲಿ ನರ್ಸಮ್ಮನ ಜೊತೆ ಜಗಳ ಮಾಡಿದರೆ ಪ್ರಯೋಜನವಿಲ್ಲ. ಅವರ ಕೈಯಲ್ಲಿರುವ ಪಟ್ಟಿಯೇ ಬೇರೆ.

ಅಂದರೆ ಸ್ಕ್ಯಾನ್ ಉಳಿಸುವುದು ಟೈಪ್ ಮಾಡುವ ಸಮಯವನ್ನು. ಡಾಕ್ಟರು ನೋಡುವ ಸಮಯವನ್ನಲ್ಲ.

ಸಣ್ಣ ಲೆಕ್ಕ: ಕ್ಯೂ ಎಲ್ಲಿಗೆ ಹೋಗುತ್ತದೆ?

ಕ್ಯೂ ಹೇಗೆ ಬೆಳೆಯುತ್ತದೆ, ಹೇಗೆ ಕರಗುತ್ತದೆ ಎಂಬುದಕ್ಕೆ ಗಣಿತದಲ್ಲೇ ಒಂದು ಶಾಖೆ ಇದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎ.ಕೆ. ಅರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ, ಫೋನ್ ಕರೆಗಳು ಒಟ್ಟಿಗೆ ನುಗ್ಗಿದಾಗ ಎಷ್ಟು ಲೈನು ಬೇಕು ಎಂದು ಲೆಕ್ಕ ಹಾಕಲು ಹೊರಟು 1909ರಲ್ಲಿ ಇದಕ್ಕೆ ಅಡಿಪಾಯ ಹಾಕಿದ. ನಮಗೆ ಅಷ್ಟು ದೊಡ್ಡ ಗಣಿತ ಬೇಡ, ಕೂಡಿಸಿ ಭಾಗಿಸಲು ಬಂದರೆ ಸಾಕು.

ಈ ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವುದೇ ಒಂದು ಆಸ್ಪತ್ರೆಯದಲ್ಲ. ಒಂದು ತಾಲ್ಲೂಕು ಆಸ್ಪತ್ರೆಗೆ ಬೆಳಿಗ್ಗೆ 9ರಿಂದ 11ರವರೆಗೆ 180 ರೋಗಿಗಳು ಬರುತ್ತಾರೆ ಎಂದುಕೊಳ್ಳಿ. ನೋಂದಣಿಗೆ ಎರಡು ಕೌಂಟರ್. ಒಬ್ಬರ ವಿವರ ಟೈಪ್ ಮಾಡಿ ಚೀಟಿ ಕೊಡಲು 2 ನಿಮಿಷ. ಒಳಗೆ ಮೂವರು ಡಾಕ್ಟರು. ಒಬ್ಬ ರೋಗಿಯನ್ನು ನೋಡಲು 4 ನಿಮಿಷ.

ಸ್ಕ್ಯಾನ್ ಇಲ್ಲದಿದ್ದಾಗ: ಎರಡು ಕೌಂಟರಿನಿಂದ ಗಂಟೆಗೆ 60 ಚೀಟಿ. 11 ಗಂಟೆಯ ಹೊತ್ತಿಗೆ 120 ಜನರ ನೋಂದಣಿ ಮುಗಿದಿದೆ, 60 ಜನ ಇನ್ನೂ ಸಾಲಿನಲ್ಲಿದ್ದಾರೆ. 11ಕ್ಕೆ ಬಂದ ಕೊನೆಯವರು ಚೀಟಿಗಾಗಿಯೇ 1 ಗಂಟೆ ನಿಲ್ಲಬೇಕು.

ಮೂರರಲ್ಲಿ ಒಬ್ಬರು ಸ್ಕ್ಯಾನ್ ಮಾಡಿದರೆ: 60 ಜನರ ಚೀಟಿಗೆ ಈಗ ಅರ್ಧ ನಿಮಿಷ ಸಾಕು ಎಂದುಕೊಳ್ಳೋಣ. ಉಳಿದ 120 ಜನರಿಗೆ ಹಳೆಯ 2 ನಿಮಿಷವೇ. ಒಟ್ಟು ಕೆಲಸ 360 ನಿಮಿಷದಿಂದ 270 ನಿಮಿಷಕ್ಕೆ ಇಳಿಯಿತು. 11ಕ್ಕೆ ಬಂದವರು ಈಗ ಚೀಟಿಗಾಗಿ ಕಾಯುವುದು ಕಾಲು ಗಂಟೆ ಮಾತ್ರ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಲಾಭ ಸ್ಮಾರ್ಟ್‌ಫೋನ್ ಇದ್ದವರಿಗೆ ಮಾತ್ರ ಸಿಕ್ಕಿದ್ದಲ್ಲ. ಕೀಪ್ಯಾಡ್ ಫೋನ್ ಹಿಡಿದು ಬಂದ ಅಜ್ಜಿಯ ಸಾಲೂ ಚಿಕ್ಕದಾಯಿತು. ಸ್ಕ್ಯಾನ್ ಮಾಡಬಲ್ಲವರು ಸ್ಕ್ಯಾನ್ ಮಾಡಿದರೆ, ಮಾಡಲಾಗದವರಿಗೆ ಕೌಂಟರ್ ಬಿಡುವಾಗುತ್ತದೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಮೂವರು ಡಾಕ್ಟರು ಗಂಟೆಗೆ ನೋಡಬಲ್ಲದ್ದು 45 ಜನರನ್ನು. 180 ಜನರನ್ನು ನೋಡಲು 4 ಗಂಟೆ ಬೇಕು. 9ಕ್ಕೆ ಶುರು ಮಾಡಿದರೆ ಕೊನೆಯ ರೋಗಿ ಹೊರಗೆ ಬರುವುದು ಮಧ್ಯಾಹ್ನ 1ಕ್ಕೆ. ಸ್ಕ್ಯಾನ್ ಇಲ್ಲದಾಗಲೂ 1 ಗಂಟೆ, ಸ್ಕ್ಯಾನ್ ಇದ್ದಾಗಲೂ 1 ಗಂಟೆ!

11ಕ್ಕೆ ಬಂದವರ ಕಣ್ಣಿನಿಂದ ನೋಡಿ. ಮೊದಲು ಕೌಂಟರ್ ಮುಂದೆ 1 ಗಂಟೆ, ಡಾಕ್ಟರ ಬಾಗಿಲಲ್ಲಿ 1 ಗಂಟೆ. ಈಗ ಕೌಂಟರ್ ಮುಂದೆ ಕಾಲು ಗಂಟೆ, ಡಾಕ್ಟರ ಬಾಗಿಲಲ್ಲಿ ಒಂದೂಮುಕ್ಕಾಲು ಗಂಟೆ. ಒಟ್ಟು ಮೊದಲೂ 2 ಗಂಟೆ, ಈಗಲೂ 2 ಗಂಟೆ. ಕ್ಯೂ ಕರಗಲಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ನಿಂತಿತು.

"ಸ್ಕ್ಯಾನ್ ಮಾಡಿದರೂ ಮನೆಗೆ ಹೋಗುವುದು ಅದೇ ಹೊತ್ತಿಗೆ" ಎಂದು ಯಾರಾದರೂ ಬೇಸರದಿಂದ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. "ಸ್ಕ್ಯಾನಿನಿಂದ ನೋಂದಣಿ ಬೇಗ ಆಗುತ್ತಿದೆ" ಎಂದು ಅಧಿಕಾರಿಗಳು ಹೇಳಿದರೆ ಅವರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಅಳೆಯುತ್ತಿರುವುದು ಬೇರೆ ಬೇರೆ ಸಾಲನ್ನು.

ಹಾಗಾದರೆ ಸ್ಕ್ಯಾನ್ ವ್ಯರ್ಥವೇ?

ಅಲ್ಲ. ಇದೇ ಲೆಕ್ಕದಲ್ಲಿ ಡಾಕ್ಟರ ಸಂಖ್ಯೆಯನ್ನು ಐದಕ್ಕೆ ಏರಿಸಿ ನೋಡಿ. ಐವರು ಗಂಟೆಗೆ 75 ಜನರನ್ನು ನೋಡಬಲ್ಲರು. ಆದರೆ ಸ್ಕ್ಯಾನ್ ಇಲ್ಲದ ಕೌಂಟರ್ ಗಂಟೆಗೆ 60 ಚೀಟಿಯನ್ನಷ್ಟೇ ಕೊಡುತ್ತದೆ. ಆಗ ಡಾಕ್ಟರು ಒಳಗೆ ಖಾಲಿ ಕೂತಿರುತ್ತಾರೆ, ಜನ ಹೊರಗೆ ನಿಂತಿರುತ್ತಾರೆ. ಕೊನೆಯವರು ಹೊರಡುವುದು 12 ಗಂಟೆ ದಾಟಿದ ಮೇಲೆ. ಸ್ಕ್ಯಾನ್ ಇದ್ದರೆ ಸುಮಾರು ಹನ್ನೊಂದೂವರೆಗೆ ಎಲ್ಲ ಮುಗಿಯುತ್ತದೆ. ಡಾಕ್ಟರು ಸಾಕಷ್ಟು ಇರುವ ಕಡೆ ಸ್ಕ್ಯಾನ್ ಜನರ ಸಮಯವನ್ನು ನಿಜವಾಗಿ ಉಳಿಸುತ್ತದೆ. ಡಾಕ್ಟರು ಕಡಿಮೆ ಇರುವ ಕಡೆ ಉಳಿಸಿದ ಸಮಯ ಮುಂದಿನ ಸಾಲಿನಲ್ಲಿ ಖರ್ಚಾಗುತ್ತದೆ.

ಡಾಕ್ಟರು ಇನ್ನೂ ಬೇಗ ಬೇಗ ನೋಡಿ ಮುಗಿಸಲಿ ಎನ್ನುವವರೂ ಇದ್ದಾರೆ. ಈಗಾಗಲೇ ಅವರು ಕೊಡುತ್ತಿರುವ ಸಮಯ ಎಷ್ಟು ಗೊತ್ತೇ? 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದಲ್ಲಿ ಸುಮಾರು 2 ನಿಮಿಷ. ಅದಕ್ಕಿಂತ ಕಡಿಮೆ ಮಾಡಿದರೆ ಕ್ಯೂ ಸಣ್ಣದಾಗಬಹುದು, ಆದರೆ ನಿಮ್ಮ ಎದೆನೋವಿನ ಕಾರಣ ಹಾಗೇ ಉಳಿದೀತು.

ಸ್ಕ್ಯಾನಿಗಿಂತ ದೊಡ್ಡ ಮದ್ದು: ಬರುವ ಹೊತ್ತು

ಅದೇ 180 ಜನ, ಅದೇ ಮೂವರು ಡಾಕ್ಟರು, ಅದೇ ಎರಡು ಕೌಂಟರ್. ಸ್ಕ್ಯಾನ್ ಕೂಡ ಬೇಡ. ಒಂದೇ ಬದಲಾವಣೆ: 120 ಜನ 9ರಿಂದ 11ರೊಳಗೆ ಬರಲಿ, ಉಳಿದ 60 ಜನ 11ರಿಂದ 1ರೊಳಗೆ ಬರಲಿ.

ಆಗ ಕೌಂಟರಿನಲ್ಲಿ ಸಾಲೇ ಬೆಳೆಯುವುದಿಲ್ಲ. 11 ಗಂಟೆಯ ಹೊತ್ತಿಗೆ ಡಾಕ್ಟರ ಬಾಗಿಲಲ್ಲಿ ಇರುವುದು 30 ಜನ. ಆಗ ಬಂದವರು ಕಾಯಬೇಕಾದದ್ದು 40 ನಿಮಿಷ. 12ಕ್ಕೆ ಬಂದವರು 20 ನಿಮಿಷ. ಎರಡು ಗಂಟೆಯ ಕಾಯುವಿಕೆ ಹೆಚ್ಚೆಂದರೆ 40 ನಿಮಿಷಕ್ಕೆ ಇಳಿಯಿತು. ಒಬ್ಬ ಡಾಕ್ಟರನ್ನೂ ಹೆಚ್ಚಿಸಲಿಲ್ಲ, ಕೆಲಸ ಮುಗಿದದ್ದೂ ಅದೇ 1 ಗಂಟೆಗೆ!

ಹಾಗಾದರೆ ಎಲ್ಲರೂ ಬೆಳಿಗ್ಗೆಯೇ ಯಾಕೆ ಬರುತ್ತಾರೆ? ತಿಳಿವಳಿಕೆ ಇಲ್ಲದೆ ಅಲ್ಲ. ಹಳ್ಳಿಯಿಂದ ಬಸ್ಸು ಇರುವುದೇ ಆ ಹೊತ್ತಿಗೆ. ತಡವಾಗಿ ಹೋದರೆ ಡಾಕ್ಟರು ಎದ್ದು ಹೋಗಿರುತ್ತಾರೋ ಎಂಬ ಭಯ ಬೇರೆ. ರಕ್ತ ಪರೀಕ್ಷೆ ಬರೆದುಕೊಟ್ಟರೆ ಲ್ಯಾಬ್ ಮುಚ್ಚುವುದರೊಳಗೆ ಕೊಡಬೇಕು. ಭಾನುವಾರದ ರಜೆ ಕಳೆದು ಸೋಮವಾರ ಬಂದರಂತೂ ಎರಡು ದಿನದ ರೋಗಿಗಳು ಒಂದೇ ದಿನ ಸೇರುತ್ತಾರೆ. ‘12 ಗಂಟೆಗೆ ಬನ್ನಿ, ಖಂಡಿತ ನೋಡುತ್ತೇವೆ’ ಎಂದು ಆಸ್ಪತ್ರೆ ಹೇಳಿ, ಹೇಳಿದ ಹಾಗೆ ನಡೆದುಕೊಂಡರೆ ಮಾತ್ರ ಜನ ಆ ಹೊತ್ತಿಗೆ ಬರುವ ಧೈರ್ಯ ಮಾಡುತ್ತಾರೆ.

ಮನೆಯಿಂದಲೇ ದಿನ ನಿಗದಿ ಮಾಡಿಕೊಳ್ಳುವ ವ್ಯವಸ್ಥೆಯೂ ಇದೆ. ಕೇಂದ್ರದ ಎನ್‌ಐಸಿ ರೂಪಿಸಿದ ಆನ್‌ಲೈನ್ ನೋಂದಣಿ ವ್ಯವಸ್ಥೆ, ಅಂದರೆ ಓಆರ್‌ಎಸ್, 2015ರಲ್ಲಿ ಬಂತು. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ಮೊದಲು ಬಳಸಿದ ಆಸ್ಪತ್ರೆಗಳಲ್ಲಿ ಒಂದು. ದೂರದ ದೊಡ್ಡ ಆಸ್ಪತ್ರೆಗೆ ಹೊರಡುವ ಮೊದಲು ಆ ಆಸ್ಪತ್ರೆಯ ಹೆಸರು ಅದರ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಇವತ್ತು ಆ ಡಾಕ್ಟರ ದಿನವಲ್ಲ ಎಂದು ತಿಳಿದು ಬರಿಗೈಲಿ ವಾಪಸ್ಸು ಬರುವುದು ತಪ್ಪುತ್ತದೆ.

ಇನ್ನೊಂದು ದಾರಿ, ಸಾಲಿಗೇ ಸೇರದಿರುವುದು. ಬಿಪಿ, ಶುಗರ್ ಮಾತ್ರೆ ಮುಗಿದಿದೆ ಎಂಬ ಒಂದೇ ಕಾರಣಕ್ಕೆ ತಾಲ್ಲೂಕು ಆಸ್ಪತ್ರೆಗೆ ಬರುವವರು ಬಹಳ. ಆ ಮಾತ್ರೆಗಳು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು. ಮೊದಲು ಅಲ್ಲಿ ಅಥವಾ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಂದ್ರದಿಂದಲೇ ‘ಇ-ಸಂಜೀವಿನಿ’ ಮೂಲಕ ದೂರದ ತಜ್ಞ ವೈದ್ಯರನ್ನು ವಿಡಿಯೋದಲ್ಲಿ ಕಾಣುವ ವ್ಯವಸ್ಥೆಯೂ ಇದೆ.

ಈಗ ಫಾರ್ವರ್ಡಿನ ಉಳಿದ ಮಾತುಗಳು

"ಆಭಾ ಇಲ್ಲದವರಿಗೆ ಚಿಕಿತ್ಸೆ ಇಲ್ಲ": ತಪ್ಪು. ಆಭಾ ಮಾಡಿಸಿಕೊಳ್ಳುವುದು ಐಚ್ಛಿಕ. ಬೇಕಿದ್ದವರು ಮಾಡಿಸಬಹುದು, ಬೇಡವಾದರೆ ಬಿಡಬಹುದು. ಫೋನ್ ಇಲ್ಲ, ಆಧಾರ್ ತಂದಿಲ್ಲ, ಆಭಾ ಇಲ್ಲ ಎಂಬ ಕಾರಣಕ್ಕೆ ಸರಕಾರಿ ಆಸ್ಪತ್ರೆ ರೋಗಿಯನ್ನು ವಾಪಸ್ಸು ಕಳಿಸುವ ಹಾಗಿಲ್ಲ. ಕೌಂಟರಿನಲ್ಲಿ ಹೆಸರು ಹೇಳಿ ಚೀಟಿ ಪಡೆಯುವ ಹಳೆಯ ದಾರಿ ತೆರೆದೇ ಇರಬೇಕು. ಯಾರಾದರೂ ಹಾಗೆ ಹೇಳಿ ಕಳಿಸಿದರೆ ಅಲ್ಲಿನ ಆಡಳಿತ ವೈದ್ಯಾಧಿಕಾರಿಯನ್ನು ಕಾಣಿ, ಅಥವಾ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ.

ತುರ್ತು ಚಿಕಿತ್ಸೆಯ ಮಾತೇ ಬೇರೆ. ಹಾವು ಕಚ್ಚಿದೆ, ಅಪಘಾತವಾಗಿದೆ, ಎದೆನೋವು, ಹೆರಿಗೆ ನೋವು, ಮಗುವಿಗೆ ಫಿಟ್ಸ್: ಇಂಥ ಹೊತ್ತಿನಲ್ಲಿ ಕ್ಯೂಆರ್ ಹುಡುಕುತ್ತಾ ನಿಲ್ಲಬೇಡಿ. ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಅಥವಾ 108ಕ್ಕೆ ಕರೆ ಮಾಡಿ. ಜೀವ ಉಳಿಸುವ ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

"ಆಭಾ ಮಾಡಿಸಿದರೆ 5 ಲಕ್ಷದ ಚಿಕಿತ್ಸೆ": ತಪ್ಪು. ಇಲ್ಲಿ ಎರಡು ಕಾರ್ಡುಗಳು ಬೆರೆತುಹೋಗಿವೆ, ಏಕೆಂದರೆ ಎರಡರ ಹೆಸರಿನಲ್ಲೂ ‘ಆಯುಷ್ಮಾನ್’ ಇದೆ. 5 ಲಕ್ಷದ್ದು 2018ರ ಸೆಪ್ಟೆಂಬರಿನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಜನ ಆರೋಗ್ಯ ಯೋಜನೆ. ಕರ್ನಾಟಕದಲ್ಲಿ ಅದನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯದ ‘ಆರೋಗ್ಯ ಕರ್ನಾಟಕ’ದ ಜೊತೆ ಸೇರಿಸಲಾಯಿತು. ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ಚಿಕಿತ್ಸಾ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಎಂದು ಯೋಜನೆ ರೂಪಿಸಲಾಗಿತ್ತು. ಅದರ ಕಾರ್ಡ್ ಬೇರೆ, ಆಭಾ ಬೇರೆ. ಆಭಾ ಕಾರ್ಡ್ ಮಾಡಿಸಿ ‘ವಿಮೆ ಆಯಿತು’ ಎಂದು ನಿಶ್ಚಿಂತೆಯಾಗಿ ಕೂತರೆ, ಆಪರೇಷನ್ ಹೊತ್ತಿನಲ್ಲಿ ಸಾಲಕ್ಕೆ ಓಡಾಡುವ ಪರಿಸ್ಥಿತಿ ಬರುತ್ತದೆ. ನಿಮ್ಮ ಬಳಿ ಇರುವುದು ಯಾವ ಕಾರ್ಡ್ ಎಂದು ಇವತ್ತೇ ತೆಗೆದು ನೋಡಿ. 14 ಅಂಕಿಯ ಆಭಾ ಸಂಖ್ಯೆ ಮಾತ್ರ ಇದ್ದರೆ ಅದು ಚಿಕಿತ್ಸೆಯ ಖರ್ಚು ಕೊಡುವ ಕಾರ್ಡ್ ಅಲ್ಲ. ಯೋಜನೆಯ ಬಗ್ಗೆ ಕೇಳಲು ಸಹಾಯವಾಣಿ 14555.

"ಆಭಾ ಮಾಡಿಸಿದರೆ ನಮ್ಮ ಕಾಯಿಲೆ ಎಲ್ಲರಿಗೂ ಗೊತ್ತಾಗುತ್ತದೆ": ಈ ಭಯವನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ವ್ಯವಸ್ಥೆಯ ನಿಯಮದ ಪ್ರಕಾರ ದಾಖಲೆಗಳು ನಿಮಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆ ಅಥವಾ ಲ್ಯಾಬಿನಲ್ಲೇ ಇರುತ್ತವೆ. ಬೇರೆ ಆಸ್ಪತ್ರೆಯವರು ಅದನ್ನು ನೋಡಬೇಕಾದರೆ ನಿಮ್ಮ ಫೋನಿಗೆ ಅನುಮತಿ ಕೇಳಿ ಬರುತ್ತದೆ, ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು. ಆಭಾವನ್ನೇ ಅಳಿಸಿಹಾಕುವ ಅವಕಾಶವೂ ಇದೆ. ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹೋಗುವುದು ಹೆಸರು, ವಿಳಾಸದಂಥ ನೋಂದಣಿ ವಿವರ ಮಾತ್ರ. ಆದರೆ ಫೋನ್ ಇನ್ನೊಬ್ಬರ ಕೈಯಲ್ಲಿದ್ದರೆ ಅನುಮತಿಯೂ ಅವರ ಕೈಯಲ್ಲೇ ಇರುತ್ತದೆ ಎಂಬುದು ನೆನಪಿರಲಿ.

ಎಲ್ಲಿ ಎಡವುತ್ತಾರೆ?

ತಪ್ಪು ಹೆಸರಿನಲ್ಲಿ ಸ್ಕ್ಯಾನ್. ಅಮ್ಮನನ್ನು ಕರೆದುಕೊಂಡು ಬಂದ ಮಗ ತನ್ನ ಫೋನಿನಿಂದ, ತನ್ನ ಆಭಾದಿಂದಲೇ ಸ್ಕ್ಯಾನ್ ಮಾಡಿಬಿಡುತ್ತಾನೆ. ಚೀಟಿ ಮಗನ ಹೆಸರಿನಲ್ಲಿ ಬರುತ್ತದೆ. ಅಲ್ಲೇ ಗಮನಿಸಿದರೆ ಮತ್ತೆ ಸಾಲು ನಿಲ್ಲಬೇಕು. ಗಮನಿಸದಿದ್ದರೆ ಅದಕ್ಕಿಂತ ಕೆಟ್ಟದ್ದು: ಅಮ್ಮನ ಶುಗರ್ ಮಗನ ದಾಖಲೆಗೆ ಸೇರುತ್ತದೆ. ಮನೆಯ ಒಂದಕ್ಕಿಂತ ಹೆಚ್ಚು ಜನರ ಆಭಾವನ್ನು ಒಂದೇ ಮೊಬೈಲ್ ಸಂಖ್ಯೆಗೆ ಜೋಡಿಸಬಹುದು. ಸ್ಕ್ಯಾನ್ ಮಾಡುವ ಮೊದಲು ಆ್ಯಪಿನಲ್ಲಿ ಯಾರ ಹೆಸರು ಇದೆ ಎಂದು ನೋಡಿ.

ಒಟಿಪಿ ಬರುವುದಿಲ್ಲ. ಆಧಾರ್ ಮೂಲಕ ಆಭಾ ಮಾಡುವಾಗ ಒಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ಸಂಖ್ಯೆಗೆ. ಸಿಮ್ ಬದಲಾಯಿಸಿ ಆಧಾರ್‌ನಲ್ಲಿ ಬದಲಾಯಿಸದಿದ್ದರೆ, ಕೌಂಟರ್ ಮುಂದೆ ನಿಂತು ಎಷ್ಟು ಸಲ ಒತ್ತಿದರೂ ಒಟಿಪಿ ಬರದು. ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಈ ಕೆಲಸ ಇಟ್ಟುಕೊಳ್ಳಬೇಡಿ. ಬಿಡುವಿದ್ದಾಗ ಮನೆಯಲ್ಲೇ ಆಭಾ ಮಾಡಿ ಇಟ್ಟುಕೊಳ್ಳಿ.

ಹಣ ಕೇಳುವವರು. ಆಭಾ ಉಚಿತ. ಅಧಿಕೃತ ಆ್ಯಪ್ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ್ದು. ವೆಬ್‌ಸೈಟ್ ಆದರೆ ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಇರುತ್ತದೆ. ವಾಟ್ಸ್ಆ್ಯಪಿನಲ್ಲಿ ಬಂದ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಬೇಡಿ, ಲಿಂಕ್ ಒತ್ತಬೇಡಿ. ‘ನಿಮ್ಮ ಆಯುಷ್ಮಾನ್ ಕಾರ್ಡ್ ರದ್ದಾಗುತ್ತದೆ, ಒಟಿಪಿ ಹೇಳಿ’ ಎಂದು ಫೋನ್ ಬಂದರೆ ಕರೆ ಕಟ್ ಮಾಡಿ. ಆಸ್ಪತ್ರೆ ನೋಂದಣಿಗೆ ಯುಪಿಐ ಪಿನ್ ಹಾಕುವ ಅಗತ್ಯ ಎಲ್ಲೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆಭಾ ಬಗ್ಗೆ ಅನುಮಾನವಿದ್ದರೆ 1800-11-4477.

ಆಸ್ಪತ್ರೆಯಿಂದ ಏನು ಕೇಳಬೇಕು?

ಚಳ್ಳಕೆರೆಯ ಪಕ್ಕದಲ್ಲೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಕ್ಯಾಂಪಸ್ ಇದೆ, ಡಿಆರ್‌ಡಿಒ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುವ ಜಾಗವಿದೆ. ಇಂಥ ಸೀಮೆಯಲ್ಲಿ ಆಸ್ಪತ್ರೆಯ ಗೋಡೆಗೆ ಒಂದು ಕ್ಯೂಆರ್ ಅಂಟಿಸುವುದು ದೊಡ್ಡ ತಂತ್ರಜ್ಞಾನವೇನಲ್ಲ. ಅದನ್ನು ಜನರಿಗೆ ಉಪಯೋಗವಾಗುವಂತೆ ನಡೆಸುವುದೇ ಕಷ್ಟದ ಕೆಲಸ.

ಹಾಗಾಗಿ ‘ಕ್ಯೂಆರ್ ಬಂತೇ?’ ಎಂಬಲ್ಲಿಗೆ ನಮ್ಮ ಪ್ರಶ್ನೆ ನಿಲ್ಲಬಾರದು. ಆರೋಗ್ಯ ರಕ್ಷಾ ಸಮಿತಿಯವರು, ಪಂಚಾಯಿತಿ ಸದಸ್ಯರು, ಶಾಸಕರ ಮುಂದೆ ಕೇಳಬೇಕಾದವು ಇವು: ಇವತ್ತು ಎಷ್ಟು ಡಾಕ್ಟರ ಹುದ್ದೆ ಇದೆ, ಎಷ್ಟು ತುಂಬಿದೆ? ಕ್ಯೂಆರ್ ಪಕ್ಕದಲ್ಲಿ ಸಹಾಯ ಮಾಡಲು ಒಬ್ಬರು ಇದ್ದಾರೆಯೇ? ಸೂಚನೆ ಕನ್ನಡದಲ್ಲಿದೆಯೇ? ಫೋನ್ ಇಲ್ಲದವರಿಗೆ, ವಯಸ್ಸಾದವರಿಗೆ ಬೇರೆ ಕೌಂಟರ್ ಇದೆಯೇ? ನೆಟ್‌ವರ್ಕ್ ಹೋದರೆ, ಕರೆಂಟ್ ಹೋದರೆ ಕೈಬರಹದ ಚೀಟಿ ಕೊಡುತ್ತಾರೆಯೇ? ಮರುಭೇಟಿಗೆ ಬರುವವರಿಗೆ ಹೊತ್ತು ಬರೆದುಕೊಡುತ್ತಾರೆಯೇ?

ಕಾಯುವ ಸಮಯವನ್ನು ಅಳೆಯುವ ರೀತಿಯೂ ಬದಲಾಗಬೇಕು. ಗೇಟಿನೊಳಗೆ ಬಂದ ಹೊತ್ತಿನಿಂದ ಮಾತ್ರೆ ಹಿಡಿದು ಹೊರಗೆ ಹೋಗುವ ಹೊತ್ತಿನವರೆಗೆ ಎಷ್ಟಾಯಿತು ಎಂಬುದೇ ರೋಗಿಯ ಲೆಕ್ಕ. ಚೀಟಿ ಎಷ್ಟು ಬೇಗ ಸಿಕ್ಕಿತು ಎಂಬುದು ಅದರ ಒಂದು ತುಂಡು ಮಾತ್ರ. ಔಷಧ ಕೌಂಟರ್, ಲ್ಯಾಬ್, ಎಕ್ಸ್‌ರೇ ಎಲ್ಲ ಕಡೆಯೂ ಸಾಲು ಇದೆಯಲ್ಲ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಕ್ಯೂಆರ್ ಸ್ಕ್ಯಾನ್ ಮಾಡಿದರೆ ನೋಂದಣಿ ಚೀಟಿ ಬೇಗ ಸಿಗುತ್ತದೆ. ಡಾಕ್ಟರ ಸರದಿಗೆ ಕಾಯಲೇಬೇಕು.
• ಆಭಾ ಉಚಿತ, ಕಡ್ಡಾಯವಲ್ಲ. ಇಲ್ಲದಿದ್ದರೂ ಚಿಕಿತ್ಸೆ ಸಿಗಬೇಕು.
• ಆಭಾ ವಿಮೆಯಲ್ಲ. 5 ಲಕ್ಷದ ಆಯುಷ್ಮಾನ್ ಕಾರ್ಡ್ ಬೇರೆ.
• ತುರ್ತು ಇದ್ದರೆ ಟೋಕನ್ ಬೇಡ, ನೇರ ತುರ್ತು ವಿಭಾಗಕ್ಕೆ ಹೋಗಿ, ಅಥವಾ 108.
• ಯಾರ ಚಿಕಿತ್ಸೆಯೋ ಅವರ ಹೆಸರಿನಲ್ಲೇ ಸ್ಕ್ಯಾನ್ ಮಾಡಿ.
• ಒಟಿಪಿ, ಪಿನ್ ಯಾರಿಗೂ ಹೇಳಬೇಡಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಿಮ್ಮ ಸ್ಕ್ಯಾನ್ ಮುಗಿದ ಮೇಲೆ ಹಿಂದೆ ತಿರುಗಿ ನೋಡಿ. ಕೀಪ್ಯಾಡ್ ಫೋನ್ ಹಿಡಿದು, ಗೋಡೆಯ ಮೇಲಿನ ಚೌಕಾಕಾರದ ಚಿತ್ರ ಏನೆಂದು ತಿಳಿಯದೆ ನಿಂತ ಹಿರಿಯರೊಬ್ಬರು ಇದ್ದೇ ಇರುತ್ತಾರೆ. "ಅಜ್ಜಿ, ಇದು ಇಲ್ಲದಿದ್ದರೂ ಚೀಟಿ ಕೊಡ್ತಾರೆ, ಆ ಕೌಂಟರಿಗೆ ಬನ್ನಿ" ಎಂದು ಒಂದು ಮಾತು ಹೇಳಿ.